ಅಪ್ಪ ನಂಬಿದ ಪೆಟ್ಟಿಗೆ

ಹೊಸ ಯಂತ್ರಗಳ ಸುದ್ದಿ ಓದಿದಾಗ ಜನಕ್ಕೆ ಆಶ್ಚರ್ಯವಾಗುತ್ತದಂತೆ. ನನಗೆ ಮೊದಲು ಹೊಟ್ಟೆಕಿಚ್ಚಾಗುತ್ತಿತ್ತು, ಆಶ್ಚರ್ಯವೆಲ್ಲ ಆಮೇಲೆ. ಲಂಡನ್ನಿನಲ್ಲಿ ಮನೆಯೊಳಗೇ ಕುಳಿತು ಎಲ್ಲೋ ನಡೆಯುವ ಆಟ ನೋಡುವ ಪೆಟ್ಟಿಗೆ ಬಂದಿದೆ ಎಂದು ಓದಿದ ದಿನ, ‘ನೋಡಲಿ ಬಿಡು, ಅವರಿಗೇನು ಬೇರೆ ಕೆಲಸವಿಲ್ಲ’ ಎಂದುಕೊಂಡು ಪತ್ರಿಕೆ ಮಡಚಿಟ್ಟೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಿಡಿಸಿ ಅದನ್ನೇ ಓದಿದೆ. ಅಮೆರಿಕದಲ್ಲಿ ತನ್ನಷ್ಟಕ್ಕೆ ತಾನೇ ತಣ್ಣಗಿರುವ ಕಪಾಟು ಇದೆಯಂತೆ, ಅದರೊಳಗಿಟ್ಟ ಹಾಲು ದಿನಗಟ್ಟಲೆ ಕೆಡುವುದಿಲ್ಲವಂತೆ. ಕಂಪ್ಲಿಯ ಬೇಸಿಗೆಯಲ್ಲಿ ಬೆಳಿಗ್ಗೆ ಕಾಸಿದ ಹಾಲು ಮಧ್ಯಾಹ್ನಕ್ಕೆ ಒಡೆಯುವುದನ್ನು ನೋಡುತ್ತಿದ್ದ ನಾನು, “ಹಾಲು ಅಷ್ಟು ದಿನ ಇಟ್ಟುಕೊಂಡು ಏನ್ ಮಾಡ್ತಾರ, ಅವತ್ತಿಂದು ಅವತ್ತ ಕುಡದು ಮುಗಸ್ಬೇಕಪ” ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಹಂಪಿ ಬಜಾರಿನಲ್ಲಿ ಒಬ್ಬ ಬಿಳಿಯ ದೊರೆ ಅಂಗೈಯಷ್ಟು ಸಣ್ಣ ಕ್ಯಾಮೆರಾ ಹಿಡಿದು ಮಂಟಪಗಳ ಫೋಟೋ ತೆಗೆಯುವುದನ್ನು ಕಂಡಾಗಲಂತೂ ವಿರೂಪಾಕ್ಷನ ದರ್ಶನಕ್ಕೆ ಬಂದದ್ದೇ ಮರೆತುಹೋಗಿ ಅವನ ಬೆನ್ನು ಹತ್ತಿ ತಿರುಗಿದೆ. ಅವನು ಒಮ್ಮೆ ನನ್ನ ಕಡೆ ನೋಡಿ ನಕ್ಕ. ಆ ನಗುವಿಗೂ ನನಗೆ ಉರಿಯಿತು.

ನಮ್ಮದು ಕಂಪ್ಲಿಯಲ್ಲಿ ಬೆಲ್ಲದ ಅಂಗಡಿ. ಮದರಾಸಿನಲ್ಲಿ ಅಚ್ಚಾದ ಇಂಗ್ಲಿಷ್ ಪತ್ರಿಕೆ ರೈಲಿನಲ್ಲಿ ಹೊಸಪೇಟೆಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ನಮ್ಮೂರಿಗೆ ಬರುವ ಹೊತ್ತಿಗೆ ಸುದ್ದಿ ಹಳೆಯದಾಗಿರುತ್ತಿತ್ತು. ಆದರೆ ಅದನ್ನು ತರಿಸುತ್ತಿದ್ದವನು ಪೇಟೆಯಲ್ಲಿ ನಾನೊಬ್ಬನೇ. ಹೀಗಾಗಿ ನಾನು ಹೇಳಿದಾಗಲೇ ಅದು ಹೊಸದು. ಸಂಜೆ ಅಂಗಡಿಯ ಕಟ್ಟೆಯ ಮೇಲೆ ಜನ ಕೂಡುತ್ತಿದ್ದರು. ನಾನು ಒಂದೊಂದೇ ಸುದ್ದಿಯನ್ನು ಇಂಗ್ಲಿಷಿನಲ್ಲಿ ಓದಿಕೊಂಡು ಕನ್ನಡದಲ್ಲಿ ಹೇಳುತ್ತಿದ್ದೆ. ರಾಜಕೀಯದ ಸುದ್ದಿಯನ್ನು ಬೇಗ ಮುಗಿಸಿ ಯಂತ್ರಗಳ ಸುದ್ದಿಗೆ ಬಂದರೆ ದನಿ ತಾನಾಗಿಯೇ ಏರುತ್ತಿತ್ತು. ಜನ ಬಾಯಿ ಬಿಟ್ಟು ಕೇಳುತ್ತಿದ್ದರು.

ಒಬ್ಬನನ್ನು ಬಿಟ್ಟು. ಅವನು ನನ್ನ ಅಪ್ಪ. ಒಳಗೆ ಗೋಣಿತಟ್ಟಿನ ಮೇಲೆ ಕುಳಿತು ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು ಹೇಳುತ್ತಿದ್ದ: “ಸುಳ್ಳು.” ವಿಮಾನ ಸಮುದ್ರ ದಾಟಿದ್ದು ಸುಳ್ಳು, ತಣ್ಣನೆಯ ಕಪಾಟು ಸುಳ್ಳು. “ಕಾಗದದ ಮ್ಯಾಲೆ ಏನ್ ಬೇಕಾದ್ರೂ ಬರೀಬೌದು. ಬರದವನೂ ಮನುಷ್ಯ, ಓದಾವನೂ ಮನುಷ್ಯ” ಎನ್ನುತ್ತಿದ್ದ. ಓದುವವನು ಎನ್ನುವಾಗ ಮುಖ ನನ್ನ ಕಡೆಗೇ ಇರುತ್ತಿತ್ತು.

ಉಳಿದ ಯಂತ್ರಗಳನ್ನು ಅವನು ನಂಬದಿದ್ದರೆ ನನಗೇನೂ ನಷ್ಟವಿರಲಿಲ್ಲ. ಆದರೆ ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಣ್ಣ ನೋಡಿಯೇ ಇದು ಯಾವ ಆಲೆಮನೆಯ ಬೆಲ್ಲ ಎಂದು ಹೇಳುತ್ತಿದ್ದವನು ಈಗ ಮುರಿದು ನಾಲಿಗೆಗಿಟ್ಟುಕೊಂಡು ಹೇಳುತ್ತಿದ್ದ. ಮಗನಾದ ನಾನೂ ಕೆಮ್ಮಿದರೆ ಮಾತ್ರ ಗುರುತು. ಮದರಾಸಿಗೆ ಕರೆದುಕೊಂಡು ಹೋಗುತ್ತೇನೆ, ಅಲ್ಲಿ ಪೊರೆ ತೆಗೆಯುತ್ತಾರೆ ಎಂದು ನಾನು ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ. ಹಿಂದೆ ನಮ್ಮ ದೊಡ್ಡಪ್ಪನ ಕಣ್ಣಿಗೆ ಸಂಡೂರಿನಲ್ಲಿ ಊರೂರು ತಿರುಗುವ ಒಬ್ಬ ವೈದ್ಯ ಸೂಜಿ ಹಾಕಿ, ಇದ್ದ ಚೂರು ಬೆಳಕನ್ನೂ ಕಳೆದಿದ್ದ. ಅದನ್ನು ಅಪ್ಪ ಪಕ್ಕದಲ್ಲೇ ನಿಂತು ನೋಡಿದ್ದ. ಕಣ್ಣಿಗೆ ಕೈ ಹಚ್ಚುತ್ತೇವೆ ಎನ್ನುವವರೆಲ್ಲ ಅವನಿಗೆ ಆ ಸೂಜಿಯವನ ಬಳಗವೇ.

ಅದೇ ದಿನಗಳಲ್ಲಿ ಪತ್ರಿಕೆಯಲ್ಲಿ ಒಂದು ಸಣ್ಣ ಸುದ್ದಿ ಬಂತು. ಮದರಾಸಿನ ಆಸ್ಪತ್ರೆಗೆ ಹೊಸ ದೀಪದ ಯಂತ್ರವೊಂದು ಬಂದಿದೆ. ಅದು ಕೂದಲೆಳೆಯಷ್ಟು ತೆಳ್ಳಗಿನ ಬೆಳಕನ್ನು ಕಣ್ಣಿನೊಳಗೆ ಬಿಡುತ್ತದೆ. ಡಾಕ್ಟರು ಆ ಬೆಳಕಿನಲ್ಲಿ ಒಳಗಿನ ಪದರ ಪದರವನ್ನೂ ನೋಡಿಕೊಂಡೇ ಮುಂದಿನ ಕೆಲಸಕ್ಕೆ ಕೈಹಾಕುತ್ತಾರೆ. ನನಗೆ ಆ ಯಂತ್ರದ ಮೇಲೆಯೇ ಆಸೆ ಹುಟ್ಟಿತು, ಅದನ್ನು ನೋಡಿದವರ ಮೇಲೆ ಹೊಟ್ಟೆಕಿಚ್ಚೂ ಹುಟ್ಟಿತು. ಅದನ್ನೆಲ್ಲ ಬದಿಗಿಟ್ಟು, ಅಪ್ಪನ ಹತ್ತಿರ ಕುಳಿತು ನಿಧಾನವಾಗಿ ಓದಿ ಹೇಳಿದೆ.

“ಬೆಳಕು ಕೂದಲಿನಷ್ಟು ಸಣ್ಣಕ ಹೆಂಗಾಗ್ತೈತಲೇ? ಸುಳ್ಳು” ಎಂದ ಅಪ್ಪ. ಎದ್ದು ಗೋಡೆ ಸವರಿಕೊಂಡು ಹಿತ್ತಲಿಗೆ ಹೋದ.

ಈಗ ಗಿರಣಿಯ ಸಾಹುಕಾರರ ವಿಷಯಕ್ಕೆ ಬರುತ್ತೇನೆ. ಅವರದು ಅಕ್ಕಿ ಗಿರಣಿ. ಜರ್ಮನಿಯ ಯುದ್ಧ ಶುರುವಾದ ಮೇಲೆ ಅವರು ಮದರಾಸಿನಿಂದ ಬ್ಯಾಟರಿಯ ರೇಡಿಯೋ ತರಿಸಿದರು. ನಾನು ವರ್ಷಗಟ್ಟಲೆ ಕಟ್ಟೆಯ ಮೇಲೆ ಕುಳಿತು ‘ರೇಡಿಯೋ ಅಂದ್ರ ಹಿಂಗಿರ್ತೈತಿ, ಹಂಗಿರ್ತೈತಿ’ ಎಂದು ವರ್ಣಿಸಿದ್ದು ಕೇಳಿ ಕೇಳಿಯೇ ಅವರಿಗೆ ಅದನ್ನು ಕೊಳ್ಳುವ ಮನಸ್ಸಾದದ್ದು. ಮಾತು ನನ್ನದು, ಪೆಟ್ಟಿಗೆ ಅವರದು. ಅದನ್ನು ಹೂಡುವುದು ಹೇಗೆಂದು ಅವರ ಮನೆಯಲ್ಲಿ ಯಾರಿಗೂ ತಿಳಿಯದೆ ನನಗೇ ಹೇಳಿಕಳಿಸಿದರು. ಹೋದೆ. ಹೋಗದೆ ಇರಲು ಆಗಲಿಲ್ಲ. ಮಾಳಿಗೆಯ ಮೇಲೆ ಎರಡು ಬಿದಿರು ನಿಲ್ಲಿಸಿ ತಂತಿ ಎಳೆಸಿದೆ. ನೆಲಕ್ಕೆ ಸೇರಿಸುವ ಇನ್ನೊಂದು ತಂತಿಯನ್ನು ಕಿಟಕಿಯಿಂದ ಇಳಿಸಿ, ಗುಂಡಿ ತೋಡಿಸಿ, ಉಪ್ಪು ಇದ್ದಿಲು ಹಾಕಿ ಹೂಳಿಸಿದೆ. ಆ ಜಾಗ ಒಣಗಬಾರದು, ದಿನಾ ಒಂದು ಕೊಡ ನೀರು ಹಾಕಬೇಕು ಎಂದು ಹೇಳಿದೆ. ಸಾಹುಕಾರರ ತಾಯಿ, ಇಷ್ಟು ನೀರು ದಂಡ ಯಾಕೆ ಆಗಬೇಕೆಂದು, ಅಲ್ಲೊಂದು ಬಸಳೆ ನೆಟ್ಟರು. ಅದು ತಂತಿಯನ್ನೇ ಹಿಡಿದು ಕಿಟಕಿಯವರೆಗೆ ಹಬ್ಬಿತು. ಅವರ ಮನೆಯ ಬಸಳೆಯ ಮೇಲೂ ನನಗೆ ಹೊಟ್ಟೆಕಿಚ್ಚಾಯಿತೆಂದರೆ ನಂಬಿ.

ಪೆಟ್ಟಿಗೆ ಬಂದ ಮರುವಾರದಿಂದಲೇ ನಮ್ಮ ಕಟ್ಟೆ ಬರಿದಾಗಿತ್ತು. ಜನವೆಲ್ಲ ಸಾಹುಕಾರರ ಅಂಗಳಕ್ಕೆ. ಹೊಳೆಯಾಚೆ ನಿಜಾಮನ ಸೀಮೆಯಿಂದಲೂ ಹರಿಗೋಲು ಹತ್ತಿ ಬಂದು ಕೂರುತ್ತಿದ್ದರು. ಆದರೆ ಒಂದು ತೊಡಕಿತ್ತು. ಪೆಟ್ಟಿಗೆ ಹೇಳುತ್ತಿದ್ದದ್ದು ಇಂಗ್ಲಿಷಿನಲ್ಲಿ. ಕನ್ನಡ ಅದರಲ್ಲಿ ಸಿಗುವುದೇ ಅಪರೂಪ, ಸಿಕ್ಕರೂ ಗರಗರ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು.

“ರೀ, ನೀವ ಬಂದು ಕುಂದ್ರಿ. ಅದು ಹೇಳಿದ್ದನ್ನ ನಮ್ಮ ಮಂದಿಗೆ ಕನ್ನಡದಾಗ ಹೇಳ್ರಿ” ಎಂದರು ಸಾಹುಕಾರರು.

ಪೆಟ್ಟಿಗೆ ಒಳಪಡಸಾಲೆಯ ಕಿಟಕಿಯ ಪಕ್ಕದಲ್ಲಿತ್ತು, ಜನ ಹೊರಗೆ ಅಂಗಳದಲ್ಲಿ. ಒಳಗಿನ ಇಂಗ್ಲಿಷ್ ಗೊಣಗಾಟ ಅವರಿಗೆ ಕೇಳಿಸಿದರೆ ಕೇಳಿಸಿತು, ಇಲ್ಲವಾದರೆ ಇಲ್ಲ. ನಾನು ಪೆಟ್ಟಿಗೆಗೆ ಕಿವಿ ಕೊಟ್ಟು ಕೇಳಿ, ಕಿಟಕಿಗೆ ಬಾಯಿ ಕೊಟ್ಟು ಹೇಳುತ್ತಿದ್ದೆ. ಕಟ್ಟೆಯ ಮೇಲೆ ಮಾಡುತ್ತಿದ್ದ ಕೆಲಸವೇ. ಬಾಯಿಯೂ ಅದೇ. ಆದರೆ ಸುದ್ದಿ ಮುಗಿದು ಎದ್ದು ಹೋಗುವಾಗ ಜನ ಮಾತಾಡಿಕೊಳ್ಳುವುದು ಕೇಳಬೇಕಿತ್ತು: “ಏನ್ ಚಂದ ಹೇಳ್ತೈತ್ರಿ ರೇಡಿಯೋ! ಒಂದಕ್ಷರ ತಪ್ಪಂಗಿಲ್ಲ.” ಗಂಟಲು ಒಣಗಿಸಿಕೊಂಡು ಕುಳಿತ ನನಗೆ ಒಂದು ಲೋಟ ನೀರು ಬೇಕೇ ಎಂದು ಕೇಳಿದವರಿರಲಿಲ್ಲ. ಪೆಟ್ಟಿಗೆಗೆ ಮಾತ್ರ ಧೂಳು ಕೂರದಂತೆ ಕಸೂತಿಯ ಬಟ್ಟೆ ಹೊದಿಸುತ್ತಿದ್ದರು.

ಅಪ್ಪನೂ ಬರತೊಡಗಿದ. ನನ್ನ ಹೆಗಲ ಮೇಲೆ ಕೈಯಿಟ್ಟುಕೊಂಡು ಬಂದು, ಅಂಗಳದಲ್ಲಿ ಕಿಟಕಿಗೆ ಹತ್ತಿರದ ಜಾಗ ಹಿಡಿಯುತ್ತಿದ್ದ. ಮೊದಲ ದಿನ ಅವನ ಒಂದು ಮಾತಿಗಾಗಿ ಕಾದೆ. ಸುದ್ದಿ ಮುಗಿಯಿತು. ಅಪ್ಪ ಸುಮ್ಮನೆ ತಲೆದೂಗುತ್ತಿದ್ದ. ದಾರಿಯಲ್ಲಿ ತಡೆಯಲಾರದೆ ಕೇಳಿದೆ, “ಯಪ್ಪಾ, ಇದು ಸುಳ್ಳಲ್ಲೇನು?”

“ಹುಚ್ಚ ಅದಿಯಲ್ಲೋ ನೀನು” ಎಂದ. “ಅದು ಮಷೀನು. ಅದಕ್ಕ ಸುಳ್ಳು ಹೇಳಾಕ ಬುದ್ಧಿ ಎಲ್ಲಿಂದ ಬರಬೇಕು?”

ಆ ರಾತ್ರಿ ಊಟ ಸೇರಲಿಲ್ಲ. ಮೈಯಲ್ಲಿ ಹುಷಾರಿಲ್ಲ ಎಂದು ಹೆಂಡತಿಗೆ ಹೇಳಿದೆ. ಹುಷಾರೇನೋ ಇದ್ದೆ. ನಲವತ್ತು ದಾಟಿದ ಮಗನ ಮಾತಿಗೆ ಇಲ್ಲದ ಬೆಲೆ ಮೊನ್ನೆ ಬಂದ ಮರದ ಡಬ್ಬಿಗೆ ಸಿಕ್ಕಿತಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಅದೂ ನನ್ನ ಬಾಯಿಂದಲೇ ಬಂದ ಮಾತಿಗೆ!

ರೇಡಿಯೋದ ಬ್ಯಾಟರಿಯನ್ನು ಆಗಾಗ ಹೊಸಪೇಟೆಗೆ ಕಳಿಸಿ ಚಾರ್ಜ್ ಮಾಡಿಸಬೇಕಿತ್ತು. ಬೆಳಗಿನ ಬಸ್ಸಿಗೆ ಹೋದದ್ದು ಸಂಜೆಯ ಬಸ್ಸಿಗೆ ಬರುತ್ತಿತ್ತು. ಒಂದು ದಿನ ಸಂಜೆಯ ಬಸ್ಸು ದಾರಿಯಲ್ಲೇ ಕೆಟ್ಟು ನಿಂತಿತು. ಅಂಗಳದಲ್ಲಿ ಜನ ಆಗಲೇ ತುಂಬಿತ್ತು. ಸಾಹುಕಾರರ ಮುಖ ಸಣ್ಣದಾಯಿತು. ರೇಡಿಯೋ ನಿಂತಿದೆ ಎಂದು ಊರಿಗೆ ಹೇಳುವುದು ಅವರಿಗೆ ಗಿರಣಿ ನಿಂತಿದೆ ಎಂದು ಹೇಳುವುದಕ್ಕಿಂತ ದೊಡ್ಡ ಅವಮಾನ. ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು.

“ನಿಮ್ಮ ಪೇಪರ್ ಐತಲ್ರಿ, ಅದರಾಗಿಂದ ಏನಾರ ಹೇಳಿಬಿಡ್ರಿ. ಇವತ್ತು ಪೆಟ್ಟಿಗಿ ದನಿ ಸಣ್ಣಾಗೈತಿ ಅಂದ್ರಾತು. ಮಂದಿಗೆ ಏನ್ ತಿಳೀತೈತಿ?”

ಸತ್ತ ಪೆಟ್ಟಿಗೆಯ ಪಕ್ಕ ಕುಳಿತೆ. ರೂಢಿಯಂತೆ ಅದಕ್ಕೆ ಕಿವಿ ಕೊಟ್ಟೆ. ಒಳಗೆ ಸೊಳ್ಳೆ ಹಾರಿದ ಸದ್ದೂ ಇಲ್ಲ. ಯುದ್ಧದ ನಾಲ್ಕು ಮಾತು ಹೇಳಿದೆ. ಜನ ತಲೆದೂಗಿದರು. ಅಷ್ಟರಲ್ಲಿ ಕಿಟಕಿಯಾಚೆ ಅಪ್ಪನ ಮುಖ ಕಂಡಿತು. ಕಂದೀಲಿನ ಬೆಳಕಿಗೆ ಅವನ ಎರಡೂ ಕಣ್ಣುಗುಡ್ಡೆಗಳು ಮಸುಕಾಗಿ ಬೆಳ್ಳಗಿದ್ದವು. ಮದರಾಸಿನ ದೀಪದ ಯಂತ್ರದ ಸುದ್ದಿ ನನ್ನ ಬಾಯಿಗೆ ತಾನಾಗಿ ಬಂತು. ಕೂದಲೆಳೆಯಂಥ ಬೆಳಕು, ಪದರ ಪದರ, ಪೊರೆ, ಎಲ್ಲವನ್ನೂ ಹೇಳಿದೆ. ಅಂದು ಅಪ್ಪನಿಗೆ ಓದಿ ಹೇಳಿದ್ದಕ್ಕಿಂತ ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ.

ಅಪ್ಪ ಎದ್ದು ನಿಂತ. “ಅದಕ್ಕ ಇನ್ನೊಮ್ಮಿ ಹೇಳಂತ ಹೇಳಲೇ” ಎಂದ.

ನಾನು ಪೆಟ್ಟಿಗೆಗೆ ಮತ್ತೆ ಕಿವಿ ಕೊಟ್ಟೆ. ಇನ್ನೊಮ್ಮೆ ಹೇಳಿದೆ.

ಮನೆಗೆ ಬಂದು ಕೈಕಾಲು ತೊಳೆದುಕೊಳ್ಳುವ ಮೊದಲೇ ಅಪ್ಪ ಆ ಸುದ್ದಿಯನ್ನು ನನಗೇ ಹೇಳತೊಡಗಿದ. “ಕೂದಲಿನಷ್ಟು ಬೆಳಕಂತಲೇ! ಒಳಗ ಬಿಟ್ಟು ನೋಡ್ತಾರಂತ. ಆ ಸೂಜಿಯಾಂವ ಕತ್ತಲ್ಯಾಗ ಚುಚ್ಚಿದ್ದ, ಅದಕ್ಕ ನಮ್ಮಣ್ಣನ ಕಣ್ಣು ಹೋತು. ಇವರು ನೋಡಿಕೊಂಡು ತೆಗೀತಾರ. ನಡಿ, ಮದರಾಸಿಗೆ ಹೋಗೂಣು. ಮತ್ತ ತಡ ಮಾಡಬ್ಯಾಡ.”

‘ಇದನ್ನೇ ನಾನು ಹೇಳಿರಲಿಲ್ಲವೇನಪ್ಪಾ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಪೆಟ್ಟಿಗೆ ಸತ್ತಿತ್ತು, ಹೇಳಿದವನು ನಾನು ಎಂದು ಒದರಿಬಿಡಬೇಕು ಅನ್ನಿಸಿತ್ತು. ಒದರಿದರೆ ಮದರಾಸಿನ ಪ್ರಯಾಣ ಅಲ್ಲಿಗೆ ಮುಗಿಯುತ್ತಿತ್ತು, ಕಣ್ಣೂ ಮುಗಿಯುತ್ತಿತ್ತು. “ಆತಪ್ಪ, ಹೋಗೂಣು” ಎಂದೆ. ಅಷ್ಟು ಹೇಳಲು ನಾನು ಪಟ್ಟ ಸಂಕಟ ನನಗೇ ಗೊತ್ತು.

ಹೊಸಪೇಟೆಯಲ್ಲಿ ರೈಲು ಹತ್ತಿ, ಗುಂತಕಲ್ಲಿನಲ್ಲಿ ಬದಲಿಸಿ ಮದರಾಸು ಸೇರಿದೆವು. ದಾರಿಯುದ್ದಕ್ಕೂ ಅಪ್ಪ ಎದುರು ಕುಳಿತವರಿಗೆಲ್ಲ ರೇಡಿಯೋ ಹೇಳಿದ್ದನ್ನು ಹೇಳಿದ. ನಾನು ಕಿಟಕಿಯಾಚೆ ನೋಡುತ್ತಿದ್ದೆ. ಆಸ್ಪತ್ರೆಯಲ್ಲಿ ಆ ದೀಪದ ಯಂತ್ರ ನಿಜವಾಗಿಯೂ ಇತ್ತು. ಅಪ್ಪ ಅದರ ಮುಂದೆ ಗದ್ದವಿಟ್ಟು ಕುಳಿತ. ಡಾಕ್ಟರು ನೋಡುತ್ತಿದ್ದುದನ್ನು ನನಗೂ ಒಮ್ಮೆ ತೋರಿಸಿ ಎಂದು ಕೇಳಲು ಎರಡು ಸಲ ಬಾಯಿ ತೆರೆದು ಮುಚ್ಚಿದೆ. ಒಂದು ಕಣ್ಣಿನ ಪೊರೆ ತೆಗೆದರು. ತಲೆ ಅಲುಗಾಡಬಾರದೆಂದು ಎರಡು ಬದಿಗೂ ಮರಳಿನ ಚೀಲವಿಟ್ಟು ಮಲಗಿಸಿದ್ದರು. ಮಲಗಿದಲ್ಲಿಂದಲೇ ಅಪ್ಪ, “ಇಲ್ಲಿ ಪೆಟ್ಟಿಗಿ ಇಲ್ಲೇನಲೇ?” ಎಂದು ಕೇಳುತ್ತಿದ್ದ.

ಕೆಲವು ವಾರ ಮದರಾಸಿನಲ್ಲೇ ಉಳಿದ ಮೇಲೆ ದಪ್ಪ ಗಾಜಿನ ಕನ್ನಡಕ ಬಂತು. ಕಂಪ್ಲಿಗೆ ಬಂದು ಬಸ್ಸಿಳಿದವನೇ ಅಪ್ಪ ಮನೆಯ ಕಡೆ ತಿರುಗಲಿಲ್ಲ. “ಮೊದಲ ಸಾವ್ಕಾರ್ರ ಮನಿಗೆ” ಎಂದ. ನನ್ನ ಹೆಗಲು ಬೇಕಾಗಲಿಲ್ಲ, ತಾನೇ ಮುಂದೆ ನಡೆದ. ಪಡಸಾಲೆಗೆ ಹೋಗಿ, ಪೆಟ್ಟಿಗೆಯ ಮೇಲಿನ ಬಟ್ಟೆ ಸರಿಸಿ, ಅದನ್ನು ಮೊದಲ ಸಲ ಕಣ್ಣಾರೆ ನೋಡಿದ. ಮರ ಮುಟ್ಟಿದ, ತಿರುಗಣೆ ಮುಟ್ಟಿದ. ಆಮೇಲೆ ಎರಡೂ ಕೈ ಜೋಡಿಸಿದ.

ನನಗೆ ಅಲ್ಲಿಯವರೆಗೆ ತಡೆದದ್ದು ಸಾಕಾಯಿತು. ಕಣ್ಣು ಹೇಗೂ ಬಂದಾಗಿದೆ, ಇನ್ನು ಹೇಳಿದರೆ ಕೆಡುವುದೇನು?

“ಯಪ್ಪಾ, ಅವತ್ತು ಇದರಾಗ ಬ್ಯಾಟರಿನ ಇರಲಿಲ್ಲ. ಹೇಳಿದಾಂವ ನಾನು. ಬೇಕಾದ್ರ ಸಾವ್ಕಾರ್ರನ್ನ ಕೇಳು.”

ಸಾಹುಕಾರರ ಸುತ್ತ ಗಿರಣಿಯ ಜನ ನಾಲ್ಕಾರು ಮಂದಿ ನಿಂತಿದ್ದರು. ಸಾಹುಕಾರರು ಒಮ್ಮೆ ನನ್ನನ್ನು ನೋಡಿ, ಆ ಜನರನ್ನು ನೋಡಿ, ಶಲ್ಯ ಸರಿಮಾಡಿಕೊಂಡರು.

“ಛೇ ಛೇ, ಎಲ್ಲಿ ಮಾತ್ರಿ? ನಮ್ಮ ಪೆಟ್ಟಿಗಿ ಒಂದಿನಾನೂ ನಿಂತಿಲ್ಲ” ಎಂದರು.

ಅಪ್ಪ ನನ್ನ ಕಡೆ ತಿರುಗಿದ. ಎಷ್ಟೋ ವರ್ಷಗಳ ಮೇಲೆ ನನ್ನ ಮುಖವನ್ನು ಹತ್ತಿರದಿಂದ, ಹಣೆಯಿಂದ ಗದ್ದದವರೆಗೆ ನೋಡಿದ. ನೋಡಿ, ನನ್ನ ಕೆನ್ನೆ ತಟ್ಟಿದ.

“ಹೊಟ್ಟಿಕಿಚ್ಚು ಎದ್ದು ಕಾಣಾಕತ್ತೈತಲೇ ಮಾರಿ ಮ್ಯಾಲೆ” ಎಂದ. “ಮನುಷ್ಯರ ಮ್ಯಾಲೆ ಪಡು, ಬ್ಯಾಡ ಅನ್ನಂಗಿಲ್ಲ. ಡಬ್ಬಿ ಮ್ಯಾಲೆ ಯಾರಾರ ಪಡ್ತಾರೇನೋ?”