ದೇವಿಯ ಕಾವಲಿದ್ದ ದಾರಿ

ಕಾನೂನು ಓದುವ ಕೊನೆಯ ವರ್ಷ ನಮಗೆ ಶನಿವಾರದ ಕೆಲಸವೊಂದಿತ್ತು. ಹೊಸನಗರ ತಾಲ್ಲೂಕಿನ ಒಂದು ಪಂಚಾಯಿತಿ ಕಟ್ಟಡದಲ್ಲಿ ಮೇಜು ಹಾಕಿಕೊಂಡು, ಬಂದವರಿಗೆ ಪುಕ್ಕಟೆ ಕಾನೂನು ಸಲಹೆ ಕೊಡುವುದು. ಅವರಿಗೆ ಅದು ಬದುಕಿನ ಪ್ರಶ್ನೆ, ನಮಗೆ ಇಂಟರ್ನಲ್ ಮಾರ್ಕ್ಸು. ನಾನು ತೀರ್ಥಹಳ್ಳಿಯವಳು, ಜೊತೆಗೆ ಸಾಗರದ ಇಬ್ಬರು ಸಹಪಾಠಿಗಳು. ಅರ್ಧ ಕಲಿತವರ ಅಬ್ಬರ ಹೆಚ್ಚು ಎನ್ನುತ್ತಾರಲ್ಲ, ಆ ಮಾತಿಗೆ ನಾವು ಮೂವರೂ ಸಾಕ್ಷಿಯಾಗಿದ್ದೆವು.

ಮೇ ತಿಂಗಳ ಒಂದು ಶನಿವಾರ ಐವತ್ತು ದಾಟಿದ ಹೆಂಗಸೊಬ್ಬರು ಬಂದರು. ಗಂಡ ತೀರಿಕೊಂಡಿದ್ದಾರೆ, ಮನೆಯಲ್ಲಿ ಹೆರಿಗೆಗೆ ಬಂದ ಮಗಳಿದ್ದಾಳೆ. ರಸ್ತೆಯಿಂದ ಮನೆಗಿರುವ ಒಂದೇ ದಾರಿ ಗಂಡನ ಅಣ್ಣನ ಜಾಗದಲ್ಲಿ ಹಾದುಹೋಗುತ್ತದೆ. ಆ ಭಾವ ಜಗಳವಾಡಿ ಅದನ್ನು ಮುಚ್ಚಿದ್ದಾರೆ.

“ಬೇಲಿ ಹಾಕಿದಾರಾ?” ಎಂದೆ.

“ಬೇಲಿ ಇಲ್ಲ ಮೇಡಂ. ಬೋರ್ಡ್ ನೆಟ್ಟಿದಾರೆ. ದೇವಿದು.”

ನನ್ನ ಪೆನ್ನು ನಿಂತಿತು. ನಮ್ಮ ಕಡೆ ಕಳ್ಳಕಾಕರ ಭಯವಿದ್ದವರು ಸಿಗಂದೂರು ದೇವಿಗೆ ಹೇಳಿಕೊಂಡು, ‘ಈ ಜಾಗಕ್ಕೆ ದೇವಿಯ ಕಾವಲಿದೆ’ ಎಂಬ ಬೋರ್ಡು ನೆಡುತ್ತಾರೆ. ಆಮೇಲೆ ಬೀಗ ಬೇಕಿಲ್ಲ, ಬಿದ್ದ ತೆಂಗಿನಕಾಯಿಯನ್ನೂ ಯಾರೂ ಮುಟ್ಟುವುದಿಲ್ಲ. ಅದನ್ನು ಈ ಮನುಷ್ಯ ತಮ್ಮನ ಹೆಂಡತಿಯ ದಾರಿಗೆ ನೆಟ್ಟಿದ್ದರು.

“ಈಗ ಮನೆ ಹಿಂದಿನ ಹಳ್ಳ ಇಳಿದು ಹತ್ತಿ ಓಡಾಡ್ತಿದೀವಿ. ಮಳೆ ಹಿಡಿದ್ರೆ ಅದೂ ಇಲ್ಲ. ಮಗಳಿಗೆ ದಿನ ಹತ್ರ ಬಂತು. ಎಂತ ಮಾಡದು ಹೇಳಿ?”

“ಇದೆಲ್ಲ ಕಾನೂನಿನ ಮುಂದೆ ನಿಲ್ಲಲ್ಲ ಅಮ್ಮ,” ಎಂದೆ. ಎಷ್ಟು ಸಲೀಸಾಗಿ ಅಂದೆ!

ದಾರಿಯನ್ನು ಖುದ್ದು ನಡೆದು ನೋಡಿ ವರದಿ ಬರೆಯಿರಿ ಎಂದು ಕಾಲೇಜಿನ ನಮ್ಮ ಮೇಷ್ಟ್ರು ಕಳಿಸಿದರು. ನಾವು ಹೋದಾಗ ಮಧ್ಯಾಹ್ನ ಎರಡು ಗಂಟೆ, ಸುಡುವ ಬಿಸಿಲು. ಅಷ್ಟು ಬೆಳಕಿನಲ್ಲೂ ಮೂವರೂ ಬೋರ್ಡಿನ ಹತ್ತಿರವೇ ನಿಂತುಬಿಟ್ಟೆವು. ಹಳದಿ ತಗಡಿನ ಮೇಲೆ ಕೆಂಪು ಅಕ್ಷರ. ಅದರಾಚೆ ಒಂದು ಹುಲ್ಲುಕಡ್ಡಿಯೂ ಬಾಗಿರಲಿಲ್ಲ. ಆಳೆತ್ತರದಲ್ಲಿ ಜೇಡರ ಬಲೆಗಳು ಹರಿಯದೆ ಉಳಿದಿದ್ದವು. ನಾಲ್ಕು ಹೆಜ್ಜೆ ಆಚೆ ಒಂಟಿ ಚಪ್ಪಲಿ ಬಿದ್ದಿತ್ತು. ಯಾರೋ ಒಳಗೆ ಹೋಗಿ, ನೆನಪಾಗಿ, ಹಿಂದಕ್ಕೆ ಓಡಿ ಬಂದಿದ್ದರು. ಅಂಚೆಯವರು ಬೋರ್ಡಿನ ಬುಡದಲ್ಲಿ ಕಲ್ಲು ಹೇರಿಟ್ಟ ಕಾಗದಗಳನ್ನು ಗೆದ್ದಲು ತಿಂದಿತ್ತು. ದೂರದಲ್ಲಿ ಮನೆಯ ಹೆಂಚು ಕಾಣುತ್ತಿತ್ತು. ರಸ್ತೆಯ ನಾಯಿ ನಮ್ಮ ಜೊತೆ ಅಲ್ಲಿಯವರೆಗೆ ಬಂದು ಕೂತುಬಿಟ್ಟಿತು.

“ನೀನು ಹೋಗು.” “ನೀನೇ ಹೋಗು.” ಕಾಲು ಗಂಟೆ ಇದೇ ಆಯಿತು. ಕೊನೆಗೆ ಬಸ್‌ಸ್ಟಾಪಿನಲ್ಲಿ ಕೂತು ನಾನೇ ಬರೆದೆ: ‘ದಾರಿಯನ್ನು ಖುದ್ದಾಗಿ ನಡೆದು ಪರಿಶೀಲಿಸಲಾಯಿತು.’ ಮೂವರೂ ಸಹಿ ಹಾಕಿದೆವು.

ಹದಿನೈದು ದಿನದಲ್ಲಿ ಎರಡೂ ಕಡೆಯವರನ್ನು ರಾಜಿಗೆ ಕೂರಿಸಿದರು. ಮೇಷ್ಟ್ರು ವರದಿ ಓದಿದರು. ಭಾವ ನನ್ನನ್ನು ನೋಡಿದರು. ಜಗಳಗಂಟನನ್ನು ನಿರೀಕ್ಷಿಸಿದ್ದೆ. ನಿದ್ದೆಗೆಟ್ಟ ಮುದುಕರೊಬ್ಬರು ಕೂತಿದ್ದರು.

“ನಡೆದ್ರಾ ನೀವು? ಏನೂ ಆಗ್ಲಿಲ್ವಾ?”

“ಇಲ್ಲ,” ಎಂದೆ.

ಅವರು ಕೈ ಮುಗಿದರು. “ಹಂಗಾದ್ರೆ ಬೋರ್ಡ್ ನೀವೇ ಕಿತ್ತುಬಿಡಿ ಮೇಡಂ. ಸಿಟ್ಟಲ್ಲಿ ನೆಟ್ಟೆ. ಈಗ ಆ ಕಡೆ ಹೋಗಕ್ಕೆ ನಂಗೇ ಧೈರ್ಯ ಇಲ್ಲ. ಯಾರನ್ನ ತಡೆಯಕ್ಕೆ ನನ್ನ ನಿಲ್ಸಿದೆ ಅಂತ ದೇವಿ ಕೇಳಿದ್ರೆ ಎಂತ ಹೇಳ್ಲಿ?”

ರಾಜಿಪತ್ರಕ್ಕೆ ಸಹಿ ಬಿತ್ತು. ಕಾಗದದಲ್ಲಿ ದಾರಿ ತೆರೆಯಿತು.

ಬೋರ್ಡು ಕೀಳಲು ಹೊರಟ ದಿನ ಒಬ್ಬ ಸಹಪಾಠಿಗೆ ಜ್ವರ ಬಂತು, ಇನ್ನೊಬ್ಬನ ಫೋನು ಸ್ವಿಚ್ ಆಫ್. ನಾನೊಬ್ಬಳೇ ಹೋದೆ. ಹಿಂದಿನ ರಾತ್ರಿ ಮೊದಲ ಮಳೆ ಜೋರಾಗಿ ಬಿದ್ದಿತ್ತು. ತಾಯಿ, ಮಗಳು ಹಳ್ಳ ದಾಟಿ ಸುತ್ತುಬಳಸಿ ರಸ್ತೆಗೆ ಬಂದು ನಿಂತಿದ್ದರು. ಮಗಳ ಸೀರೆ ಮೊಣಕಾಲಿನವರೆಗೆ ಒದ್ದೆ. ಒಂದು ಕೈ ಸೊಂಟದ ಮೇಲಿತ್ತು.

“ನೀವು ಮುಂದೆ ನಡೀರಿ ಮೇಡಂ. ನಿಮ್ ಹಿಂದೇನೇ ನಾವು ಬತ್ತೀವಿ,” ಎಂದರು ತಾಯಿ.

ಬೋರ್ಡಿನ ಗೂಟಕ್ಕೆ ಕೈ ಹಾಕಿದೆ. ಗೂಟ ಬೆಚ್ಚಗಿತ್ತು. ರಾತ್ರಿಯಿಡೀ ಮಳೆಯಲ್ಲಿ ನೆಂದ ಮರ ಅದು, ಬಿಸಿಲಿನ್ನೂ ಬಿದ್ದಿರಲಿಲ್ಲ. ನನ್ನ ಕೈಯ ಬಿಸಿಯೇ ಇರಬೇಕು ಎಂದು ಈಗ ಹೇಳಿಕೊಳ್ಳುತ್ತೇನೆ. ಎದುರಿಗೆ ಗಾಳಿಯಿಲ್ಲ, ಬಲೆಗಳು ಮಾತ್ರ ಯಾರೋ ಉಸಿರು ಬಿಟ್ಟ ಹಾಗೆ ಮೆಲ್ಲಗೆ ಒಳಬಾಗಿ ಹೊರಬಾಗುತ್ತಿದ್ದವು. ಸುಳ್ಳು ಬರೆದ ಕೈ ಇದು ಎಂಬುದು ಅಲ್ಲಿ ಯಾರಿಗೋ ಗೊತ್ತಿದೆ ಎನಿಸಿತು. ಕೈ ತೆಗೆದೆ.

“ಬಸ್ಸಿಗೆ ಹೊತ್ತಾಯ್ತು,” ಎಂದೆ.

ತಾಯಿ ನನ್ನ ಮುಖವನ್ನೇ ನೋಡಿದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಹತ್ತಿರ ಬಂದು ನನ್ನ ಬೆನ್ನು ಸವರಿದರು.

“ನೀನವತ್ತೂ ನಡೀಲಿಲ್ಲ ಅಲ್ವಾ? ಬಿಡು ಮಗಾ. ಓದಿದ್ರೆ ಹೆದರಿಕೆ ಹೋಗತ್ತೆ ಅಂದ್ಕಂಡಿದ್ದೆ. ನೀನೂ ನಮ್ಮಂಗೇ.”

ಆಮೇಲೆ ಮಗಳ ಕೈ ಹಿಡಿದುಕೊಂಡು ಹಳ್ಳದ ಕಡೆ ಇಳಿದರು. ನಾನು ರಸ್ತೆಯಂಚಿನಿಂದ ನೋಡುತ್ತಾ ನಿಂತೆ. ಬರುವಾಗ ಮೊಣಕಾಲಿಗಿದ್ದ ನೀರು ಈಗ ಮಗಳ ತೊಡೆಗೆ ಬರುತ್ತಿತ್ತು.