ಉಸಿರು ದಾಖಲಿಸುವ ರಾಜಲಕ್ಷ್ಮಿ

ಬೆಳಗಿನ ಆರೂ ಇಪ್ಪತ್ತು. ಜನವರಿಯಲ್ಲಿ ಸ್ವೀಡನ್ನಿನ ಓರೆಬ್ರೂ ಊರಿಗೆ ಬೆಳಕು ಬರಲು ಇನ್ನೂ ಎರಡು ತಾಸಿಗೂ ಹೆಚ್ಚು ಹೊತ್ತಿದೆ. ಆಸ್ಪತ್ರೆಯ ಮೊದಲ ಪಾಳಿಯವರನ್ನು ಇಳಿಸಿದ ಬಸ್ಸು ಖಾಲಿಯಾಗಿ ಹೊರಟುಹೋದ ಮೇಲೆ ಬೀದಿಯಲ್ಲಿ ಸದ್ದೇ ಇಲ್ಲ. ಎರಡನೆಯ ಮಹಡಿಯ ಕಚೇರಿಯ ಬೀಗ ತೆಗೆದು ಒಳಗೆ ಬಂದ ರಾಜಲಕ್ಷ್ಮಿ ಮುಳಗುಂದ ದೀಪ ಹಾಕುವುದಿಲ್ಲ. ಬೂಟು ಬಿಚ್ಚಿಟ್ಟು, ಉಣ್ಣೆಯ ಕಾಲುಚೀಲದಲ್ಲೇ ಮೇಜಿನ ತನಕ ನಡೆದು, ಅಲ್ಲಿ ಮಿನುಗುತ್ತಿರುವ ಕೆಂಪು ಚುಕ್ಕಿಯ ಮೇಲೆ ಬೆರಳಿಡುತ್ತಾರೆ.

ಕಚೇರಿ ಮುಚ್ಚಿದಾಗ ಬರುವ ಕರೆಗಳನ್ನು ಧ್ವನಿಮುದ್ರಿಸಿಕೊಳ್ಳುವ ಹಳೆಯ ಯಂತ್ರವದು. ಮೊದಲು ರಾಜಲಕ್ಷ್ಮಿಯವರದೇ ದನಿ ಸ್ವೀಡಿಷಿನಲ್ಲಿ ಮಾತಾಡುತ್ತದೆ. ಆಮೇಲೊಂದು ಸಣ್ಣ ಶಿಳ್ಳೆ. ಆಮೇಲೆ ಏನೂ ಇಲ್ಲ. ಕಿವಿಯನ್ನು ಹತ್ತಿರ ಒಯ್ದರೆ ಮಾತ್ರ, ಯಾರೋ ಉಸಿರಾಡುತ್ತಿರುವುದು ಕೇಳುತ್ತದೆ. ಆ ಉಸಿರಿನ ಹಿಂದೆ ಎಲ್ಲೋ ನೀರು ಬೀಳುತ್ತಿದೆ. ನೀರು ನಿಂತ ಕೂಡಲೇ ಕರೆಯೂ ಕಡಿಯುತ್ತದೆ.

ಕತ್ತಲಲ್ಲೇ ಅವರು ದಪ್ಪ ರಟ್ಟಿನ ರಿಜಿಸ್ಟರು ತೆರೆದು ಬರೆಯುತ್ತಾರೆ: ನಾಲ್ಕು ಐವತ್ತೇಳು. ಐವತ್ತೆರಡು ಸೆಕೆಂಡು. ಉಸಿರು. ನೀರು. ಬರೆದಾದ ಮೇಲೆ ಎದ್ದು ದೀಪ ಹಾಕುತ್ತಾರೆ.

“ದೀಪ ಹಾಕಿದ್ರೆ ಟ್ಯೂಬು ಗುಂಯ್ ಅಂತದೆ. ಆ ಸದ್ದಲ್ಲಿ ಇದು ಮುಚ್ಚಿ ಹೋಗ್ತದೆ” ಎನ್ನುವಾಗ ಅವರ ದನಿ ಹಾಲು ಯಾಕೆ ಉಕ್ಕುತ್ತದೆಂದು ವಿವರಿಸಿದಷ್ಟು ಸಹಜವಾಗಿರುತ್ತದೆ.

ಐವತ್ನಾಲ್ಕರ ರಾಜಲಕ್ಷ್ಮಿ ಮೂವರು ವಕೀಲರ ಈ ಸಣ್ಣ ಕಚೇರಿಯ ಗುಮಾಸ್ತೆ. ಇಲ್ಲಿನ ಎಲ್ಲ ನ್ಯಾಯಾಲಯಗಳಲ್ಲೂ ಸೋತವರು ಕೊನೆಯದಾಗಿ ಬಾಗಿಲು ಬಡಿಯುವ ಜಾಗವೊಂದಿದೆ: ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿರುವ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ. ನಲವತ್ತಾರು ದೇಶಗಳಿಗೆ ಅದೊಂದೇ. ದೇಶಕ್ಕೊಬ್ಬರಂತೆ ನ್ಯಾಯಾಧೀಶರು, ಅವರೊಳಗಿಂದಲೇ ಅವರೇ ಆರಿಸಿಕೊಳ್ಳುವ ಅಧ್ಯಕ್ಷರು. ಸರದಿಯಲ್ಲಿ ಕಾಯುವ ಅರ್ಜಿಗಳು ಹತ್ತಾರು ಸಾವಿರ. ಆ ಸರದಿಗೆ ಒಂದು ಅರ್ಜಿಯನ್ನು ಸೇರಿಸುವುದು, ಸೇರಿದ್ದು ಬಿದ್ದುಹೋಗದಂತೆ ನೋಡಿಕೊಳ್ಳುವುದು ರಾಜಲಕ್ಷ್ಮಿಯವರ ಕೆಲಸ.

ಕೇಳುವುದಕ್ಕೆ ಸುಲಭ. ಇಲ್ಲಿನ ಕೊನೆಯ ತೀರ್ಪು ಬಂದ ನಾಲ್ಕು ತಿಂಗಳೊಳಗೆ ಅರ್ಜಿ ಹೊರಡಬೇಕು. ಒಂದು ದಿನ ತಡವಾದರೂ ಯಾರೂ ಓದುವುದಿಲ್ಲ. ಸಹಿ ಶಾಯಿಯದೇ ಆಗಿರಬೇಕು. ಹಾಳೆಗಳಿಗೆ ಸಂಖ್ಯೆ ಹಾಕಬೇಕು, ಪಿನ್ನು ಹೊಡೆಯಬಾರದು. ಹನ್ನೊಂದು ವರ್ಷದಲ್ಲಿ ಅವರು ಇನ್ನೂರ ಹನ್ನೆರಡು ಅರ್ಜಿ ಕಳಿಸಿದ್ದಾರೆ. ವಿಚಾರಣೆಯ ಹಂತ ಮುಟ್ಟಿದ್ದು ಒಂಬತ್ತು. ದಿನ ತಪ್ಪಿ ವಾಪಸು ಬಂದದ್ದು ಒಂದೂ ಇಲ್ಲ.

ಇದಕ್ಕೆ ಮೊದಲು ಹದಿನಾಲ್ಕು ವರ್ಷ ಗದಗದ ನ್ಯಾಯಾಲಯದಲ್ಲಿ ಬೆರಳಚ್ಚುಗಾರ್ತಿಯಾಗಿದ್ದವರು. ಪತಿ ಶಂಕರ ಅವರಿಗೆ ಸ್ವೀಡನ್ನಿನ ಟೆಲಿಕಾಂ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಾಗ ಜೊತೆಗೆ ಬಂದರು. ವಯಸ್ಸು ನಲವತ್ತು ದಾಟಿತ್ತು, ಭಾಷೆ ಬಾರದು. ಎರಡು ವರ್ಷ ಒಂದು ದಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಮಕ್ಕಳ ಊಟದ ತಟ್ಟೆ ತೊಳೆದರು. ಅಲ್ಲಿನ ಮಕ್ಕಳಿಂದಲೇ ಸ್ವೀಡಿಷ್ ಕಲಿತೆ ಎನ್ನುತ್ತಾರೆ. ಈಗಲೂ ಅವರ ಸ್ವೀಡಿಷಿನಲ್ಲಿ ನಾಲ್ಕು ವರ್ಷದ ಮಗುವಿನ ಸ್ಪಷ್ಟತೆಯಿದೆ, ಸುತ್ತುಬಳಸು ಇಲ್ಲ. ಹೆದರಿ ಬಂದವರಿಗೆ ಅದು ಬೇಗ ಅರ್ಥವಾಗುತ್ತದೆ.

“ಗದಗ ಕೋರ್ಟಲ್ಲಿ ಜಡ್ಜ್ ಸಾಹೇಬ್ರು ಕೆಮ್ಮಿದ್ರೂ ಯಾರು ಅಂತ ಗೊತ್ತಾಗ್ತಿತ್ತು. ಇಲ್ಲಿ ನಾನು ಕಳಿಸಿದ ಕಾಗದ ಯಾರ ಮೇಜಿನ ಮೇಲೆ ಕೂತಿರ್ತದೆ ಅಂತ ಇವತ್ತಿಗೂ ಗೊತ್ತಿಲ್ಲ. ಕೆಳಗಡೆ ಸಹಿ ಮಾತ್ರ ಗುರುತು” ಎಂದು ನಗುತ್ತಾರೆ. ಪ್ರತಿ ವರ್ಷದ ಆರಂಭಕ್ಕೆ ನ್ಯಾಯಾಲಯದ ಅಧ್ಯಕ್ಷರು ಮಾಡುವ ಭಾಷಣವನ್ನು ಅವರು ಫೀಕಾ ಎಂಬ ಕಾಫಿ ಬಿಡುವಿನ ಹೊತ್ತಿಗೆ ಲೋಟ ಹಿಡಿದು ಕಂಪ್ಯೂಟರಿನಲ್ಲಿ ನೋಡುತ್ತಾರೆ. ಅಧ್ಯಕ್ಷರು ಬದಲಾಗುತ್ತಾರೆ, ಆದ್ಯತೆಗಳು ಬದಲಾಗುತ್ತವೆ, ತಮ್ಮ ಕಪಾಟಿನ ಕಡತಗಳ ಆಯುಸ್ಸೂ ಅದರೊಂದಿಗೆ ಹೆಚ್ಚುಕಡಿಮೆಯಾಗುತ್ತದೆಂದು ಅವರಿಗೆ ಗೊತ್ತು.

ಮೌನ ಕರೆಗಳು ಶುರುವಾದದ್ದು ಹಿಂದಿನ ಚಳಿಗಾಲದಲ್ಲಿ. ಅದಕ್ಕೂ ಒಂದು ತಿಂಗಳ ಹಿಂದೆ, ಅಕ್ಟೋಬರಿನಲ್ಲಿ, ಕಚೇರಿಯ ಅರ್ಜಿದಾರನೊಬ್ಬನನ್ನು ವಿಮಾನ ಹತ್ತಿಸಿ ತಾಯ್ನಾಡಿಗೆ ವಾಪಸು ಕಳಿಸಲಾಗಿತ್ತು. ಇಂಥ ಮೊಕದ್ದಮೆಗಳಲ್ಲಿ ಅರ್ಜಿದಾರರ ಹೆಸರು ಹೊರಬರದಂತೆ ನ್ಯಾಯಾಲಯವೇ ಒಂದಕ್ಷರದಿಂದ ಕರೆಯುವುದುಂಟು. ಇಲ್ಲಿ ಆತ ಪಿ. ಎಂದಿರಲಿ, ಕಾಗದದಲ್ಲಿರುವ ಅಕ್ಷರವೂ ಬೇರೆ. ಆರು ವರ್ಷ ಸ್ಯಾಂಡ್‌ವಿಕೆನ್ ಊರಿನ ಊಟದ ಮನೆಯೊಂದರಲ್ಲಿ ದುಡಿದಿದ್ದ ಪಿ. ವಾಪಸು ಹೋದರೆ ಜೀವ ಉಳಿಯದೆಂದು ಅರ್ಜಿ ಹಾಕಿದ್ದ. ವಿಮಾನ ಇಳಿದ ಮೇಲೆ ಒಂದೇ ಒಂದು ಸಂದೇಶ ಬಂತು, ತಲುಪಿದೆನೆಂದು. ಮತ್ತೆ ಸುದ್ದಿಯಿಲ್ಲ.

ನವೆಂಬರಿನ ಒಂದು ಬೆಳಿಗ್ಗೆ ಯಂತ್ರದಲ್ಲಿ ಆ ಉಸಿರು ಸಿಕ್ಕಿತು. ಎರಡು ದಿನ ಬಿಟ್ಟು ಇನ್ನೊಂದು. ಕರೆ ಮಾಡಿದ ಸಂಖ್ಯೆ ಕಾಣುತ್ತಿರಲಿಲ್ಲ. ಹೊತ್ತು ಮಾತ್ರ ಐದು ಗಂಟೆಯ ಆಚೀಚೆ, ಕಚೇರಿಯಲ್ಲಿ ಯಾರೂ ಇರದ ಹೊತ್ತು. ಯಾರೋ ಕುಚೇಷ್ಟೆ ಮಾಡುತ್ತಿದ್ದಾರೆಂದು ವಕೀಲರು ಅಳಿಸಲು ಹೇಳಿದರು. ರಾಜಲಕ್ಷ್ಮಿ ಅಳಿಸಲಿಲ್ಲ. ಪಿ.ಯ ಹೆಸರಿನಲ್ಲಿ ರಿಜಿಸ್ಟರು ತೆರೆದು ಬರೆಯತೊಡಗಿದರು. ಮೊದಲ ಪುಟಗಳಲ್ಲಿ ‘ಗಂಡಸಿನ ಉಸಿರು’ ಎಂದೇ ಇದೆ.

ಫೆಬ್ರವರಿಯಲ್ಲಿ ಸ್ಟ್ರಾಸ್‌ಬರ್ಗ್‌ನಿಂದ ಪತ್ರ ಬಂತು. ಅರ್ಜಿದಾರರ ಜೊತೆ ನಿಮಗೆ ಇನ್ನೂ ಸಂಪರ್ಕವಿದೆಯೇ, ಅವರಿಗೆ ಅರ್ಜಿ ಮುಂದುವರಿಸುವ ಮನಸ್ಸಿದೆಯೇ, ತಿಂಗಳ ಕೊನೆಯ ಶುಕ್ರವಾರದೊಳಗೆ ತಿಳಿಸಿ. ಇಲ್ಲವೆಂದರೆ ಅರ್ಜಿಯನ್ನು ಪಟ್ಟಿಯಿಂದ ತೆಗೆಯಬಹುದು. ನಿಯಮ ಹಾಗೇ ಇದೆ. ಬೇಡವೆಂದವರ, ಕಾಣೆಯಾದವರ ಕಡತಗಳನ್ನು ಇಟ್ಟುಕೊಂಡು ಕೂತರೆ ಕಾಯುವವರ ಸರದಿ ಕರಗುವುದಿಲ್ಲ.

ಪಿ.ಯ ವಕೀಲೆ ಅನಿಕಾ. ಮೂವತ್ತೊಂದರ ಹುಡುಗಿ, ಹುಟ್ಟಿ ಬೆಳೆದದ್ದೆಲ್ಲ ಇದೇ ಊರು. ಮನೆಯವರು ದಾವಣಗೆರೆ ಕಡೆಯವರು. ಈ ಕರೆಗಳು ಪಿ.ಯವೇ, ಹಾಗೆಂದು ಬರೆದು ಕಳಿಸು ಎಂದು ರಾಜಲಕ್ಷ್ಮಿ ಪಟ್ಟು ಹಿಡಿದರು. ಅನಿಕಾ ರಿಜಿಸ್ಟರಿನ ಅಷ್ಟೂ ಪುಟ ತಿರುವಿ ನೋಡಿದಳು. ನಲವತ್ತೊಂದು ಕರೆ.

“ಆಂಟಿ, ಉಸಿರಿಗೆ ಸಿಗ್ನೇಚರ್ ಇರಲ್ಲ. ಕೋರ್ಟಿಗೆ ನಾನು ಏನಂತ ಬರೀಲಿ?”

ಮರುದಿನ ರಾಜಲಕ್ಷ್ಮಿ ನಾಲ್ಕೂವರೆಗೇ ಬಂದು ಫೋನಿನ ಮುಂದೆ ಕೋಟು ಬಿಚ್ಚದೆ ಕೂತರು. ಐದಕ್ಕೆ ನಾಲ್ಕು ನಿಮಿಷವಿದ್ದಾಗ ಅದು ರಿಂಗಾಯಿತು. ಎತ್ತಿ, ಮೆಲ್ಲಗೆ, ಇಲ್ಲಿನವರು ನಮಸ್ಕಾರ ಹೇಳುವ ಹಾಗೆ, ‘ಹೇಯ್’ ಎಂದರು. ಆಚೆ ಉಸಿರು ನಿಂತಿತು. ಕಡಿಮೆಯಾಗಲಿಲ್ಲ, ಕೈಯಿಟ್ಟು ಮುಚ್ಚಿದ ಹಾಗೆ ನಿಂತೇಹೋಯಿತು. ನೀರಿನ ಸದ್ದು ಮಾತ್ರ ಹಾಗೇ ಇತ್ತು. ಕರೆ ಕಡಿಯಿತು.

ಆಮೇಲೆ ಒಂಬತ್ತು ದಿನ ಯಾವ ಕರೆಯೂ ಇಲ್ಲ. ಯಂತ್ರದ ಕೆಂಪು ಚುಕ್ಕಿ ಮಿನುಗದ ಆ ಬೆಳಗುಗಳನ್ನು ರಾಜಲಕ್ಷ್ಮಿ ಈಗಲೂ ನೆನೆಯಲು ಒಪ್ಪುವುದಿಲ್ಲ. ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿದರೆ ಕೈ ತಡೆಯುತ್ತಿತ್ತಂತೆ. ನೀರು ನಿಲ್ಲಿಸಿದೊಡನೆ ಎಲ್ಲೋ ಯಾರೋ ಫೋನ್ ಇಟ್ಟುಬಿಡುತ್ತಾರೆ ಎನಿಸಿ, ಒಮ್ಮೆ ಅದನ್ನು ಹಾಗೇ ಬಿಟ್ಟು ನಿಂತಿದ್ದರು. ಶಂಕರ ಅವರೇ ಬಂದು ಮುಚ್ಚಿದರು.

ಆಗ ಹೊಳೆದದ್ದಿದು. ಕರೆ ಮಾಡುವವರಿಗೆ ಮನುಷ್ಯರು ಬೇಡ, ಯಂತ್ರವೇ ಬೇಕು. ಮರುಪ್ರಶ್ನೆ ಕೇಳದ, ಬೆಚ್ಚಿಬೀಳಿಸದ ದನಿ ಬೇಕು. ಹಾಗಿದ್ದರೆ ಆ ದನಿಯ ಕೈಯಲ್ಲೇ ಕೇಳಿಸಬೇಕು. ರಾಜಲಕ್ಷ್ಮಿ ಯಂತ್ರದಲ್ಲಿದ್ದ ತಮ್ಮ ಹಳೆಯ ಸ್ವಾಗತದ ಮಾತನ್ನು ಅಳಿಸಿ ಹೊಸದೊಂದನ್ನು ತುಂಬಿದರು. ಯಾರ ಹೆಸರೂ ಇಲ್ಲ, ಊರೂ ಇಲ್ಲ. “ನೀವು ಮಾತಾಡಬೇಕಿಲ್ಲ. ನಿಮ್ಮ ಅರ್ಜಿಯ ಸಂಖ್ಯೆ ನೆನಪಿದ್ದರೆ ಗುಂಡಿ ಒತ್ತಿ. ಅರ್ಜಿ ಮುಂದುವರಿಯಬೇಕಾದರೆ ಕೊನೆಗೆ ಒಂದು ಒತ್ತಿ. ಬೇಡವಾದರೆ ಎರಡು.” ತಮ್ಮ ಹತ್ತಿರ ಬಂದ ಪ್ರತಿಯೊಬ್ಬರಿಗೂ ಈ ಸಂಖ್ಯೆಯನ್ನೂ ಕಚೇರಿಯ ಫೋನ್ ನಂಬರನ್ನೂ ಅವರು ಬಾಯಿಪಾಠ ಮಾಡಿಸಿಯೇ ಕಳಿಸುತ್ತಿದ್ದರು. ಕಾಗದ ಕಿತ್ತುಕೊಳ್ಳಬಹುದು, ನೆನಪಿಟ್ಟದ್ದನ್ನು ಕಿತ್ತುಕೊಳ್ಳಲು ಬರುವುದಿಲ್ಲ ಎಂಬುದು ಅವರ ಲೆಕ್ಕ.

ಆ ವಾರ ಬೇರೆ ಕೆಲಸಕ್ಕೆ ಕರೆ ಮಾಡಿದ ನಗರಸಭೆಯ ನೌಕರಳೊಬ್ಬಳು ಈ ಸ್ವಾಗತ ಕೇಳಿ, ತಪ್ಪು ಜಾಗಕ್ಕೆ ಬಂದೆನೇ ಎಂದು ಹೆದರಿ ಮಿಂಚಂಚೆ ಬರೆದಳು. ರಾಜಲಕ್ಷ್ಮಿ ಅದನ್ನು ಶಂಕರ ಅವರಿಗೂ ಕೇಳಿಸಿದರು. ತೀರಿಹೋದವರ ಹತ್ತಿರ ಮಾತಾಡುವ ಹಾಗಿದೆ ನಿನ್ನ ದನಿ ಎಂದರು ಅವರು.

ಗಡುವಿಗೆ ಎರಡೇ ದಿನ ಉಳಿದಿದ್ದ ಬುಧವಾರ ಚುಕ್ಕಿ ಮಿನುಗಿತು. ಸ್ವಾಗತ, ಶಿಳ್ಳೆ, ಉಸಿರು, ನೀರು. ಆಮೇಲೆ ಒಂದೊಂದಾಗಿ, ನಡುವೆ ಉಸಿರೆಳೆದುಕೊಳ್ಳುತ್ತ, ಗುಂಡಿ ಒತ್ತಿದ ಸದ್ದುಗಳು. ಒಟ್ಟು ಎಂಟು. ರಾಜಲಕ್ಷ್ಮಿ ಕೂತಲ್ಲೇ ಕೈಮುಗಿದರು. ಪ್ರತಿ ಅಂಕಿಗೂ ಬೇರೆ ಸ್ವರ ಇರುತ್ತದೆ. ಅನಿಕಾ ಬಂದು ಧ್ವನಿಮುದ್ರಣವನ್ನು ಲ್ಯಾಪ್‌ಟಾಪಿಗೆ ಹಾಕಿ ಅಂಕಿಗಳನ್ನು ಬಿಡಿಸಿದಳು. ಕೊನೆಯದು ಒಂದು. ಮುಂದುವರಿಯಬೇಕು.

ಆದರೆ ಮೊದಲ ಏಳು ಅಂಕಿ ಪಿ.ಯ ಸಂಖ್ಯೆಯಾಗಿರಲಿಲ್ಲ.

ಕೈತಪ್ಪಿ ಒತ್ತಿರಬಹುದು ಎಂದಳು ಅನಿಕಾ. ರಾಜಲಕ್ಷ್ಮಿ ಒಪ್ಪಲಿಲ್ಲ. ಆ ಏಳರಲ್ಲಿ ಕೊನೆಯ ಎರಡಂಕಿ ಅರ್ಜಿ ಹಾಕಿದ ವರ್ಷ, ಅದು ಐದು ವರ್ಷದ ಹಿಂದಿನದು. ನೆಲಮಾಳಿಗೆಗೆ ಇಳಿದು ಮುಗಿದ ಕಡತಗಳ ಕಪಾಟು ತೆಗೆದರು. ಸಂಖ್ಯೆ ಸಿಕ್ಕಿತು. ಹೆಂಗಸೊಬ್ಬಳದು. ಅವಳನ್ನು ಎಲ್. ಎನ್ನೋಣ. ಮನೆಯವರ ಕೈಗೆ ಮತ್ತೆ ಸಿಕ್ಕರೆ ಬಿಡುವುದಿಲ್ಲವೆಂದು ಇಲ್ಲಿ ಆಶ್ರಯ ಕೇಳಿ, ಸೋತು, ವಾಪಸಾದವಳು. ಎಂಟು ತಿಂಗಳು ಸುದ್ದಿಯಿಲ್ಲದ ಮೇಲೆ ಅವಳ ಅರ್ಜಿಯನ್ನು ಪಟ್ಟಿಯಿಂದ ತೆಗೆದಿದ್ದರು. ‘ಅರ್ಜಿದಾರರೊಡನೆ ಸಂಪರ್ಕವಿಲ್ಲ’ ಎಂಬ ಪತ್ರವನ್ನು ಬೆರಳಚ್ಚು ಮಾಡಿದ್ದವರು ಇದೇ ರಾಜಲಕ್ಷ್ಮಿ. ಅನಿಕಾಳಿಗೆ ಅದು ವೃತ್ತಿಯ ಮೊದಲ ಕಡತ. ಅವಳು ಹಾಳೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟಳು.

“ಶಿ ಇಸ್ ಅಲೈವ್, ಆಂಟಿ” ಎಂದಳು. ಆಮೇಲೆ ಕನ್ನಡದಲ್ಲಿ, “ನಾಲ್ಕು ವರ್ಷ.”

ರಾಜಲಕ್ಷ್ಮಿ ಹೆದರಿದ್ದು ಬೇರೆ ಕಾರಣಕ್ಕೆ. “ಆ ನಂಬರು ಬರದೇ ಇದ್ದಿದ್ರೆ ನಾನು ಅನಿಕಾನ ಒಪ್ಪಿಸೇ ಬಿಡ್ತಿದ್ದೆ. ಒಬ್ಬರ ಉಸಿರು ತಗೊಂಡು ಇನ್ನೊಬ್ಬರ ಕಡತದೊಳಗೆ ಇಟ್ಟುಬಿಡ್ತಿದ್ದೆ. ಅವಳು ಅಲ್ಲಿ ನಿಂತು ದಿನಾ ನನ್ನ ಕರೀತಿದ್ಲು, ನಾನು ಗಂಡಸು ಅಂತ ಬರ್ಕೋತಿದ್ದೆ. ಏನ್ ಹೇಳ್ಲಿಕ್ಕೆ ಬರ್ತದ?” ಎನ್ನುವಾಗ, ನಾಲ್ಕು ಜನರ ನಡುವೆ ಹದ್ದುಬಸ್ತಿನಲ್ಲಿಟ್ಟ ಗದಗಿನ ಮಾತು ತಾನಾಗಿ ಹೊರಬೀಳುತ್ತದೆ.

ಸಂಖ್ಯೆ ಬೇರೆ ಯಾರಿಗೋ ಸಿಕ್ಕಿರಬಹುದೆಂಬ ಅನುಮಾನ ಉಳಿದಿತ್ತು. ಅಂದೇ ಸ್ವಾಗತ ಬದಲಾಯಿತು: ನಮ್ಮ ಕಚೇರಿಗೆ ನೀವು ಮೊದಲ ಸಲ ಬಂದಾಗ ನಿಮ್ಮ ಜೊತೆ ಎಷ್ಟು ಮಂದಿಯಿದ್ದರು, ಒತ್ತಿ. ಎಲ್. ಒಬ್ಬಳೇ ಬಂದಿದ್ದಳು, ಹೆಗಲಿಗೆ ಒಂದು ಚೀಲವೂ ಇರಲಿಲ್ಲ. ಗುರುವಾರದ ಧ್ವನಿಮುದ್ರಣದಲ್ಲಿ ಒಂದೇ ಒಂದು ಸ್ವರ. ಸೊನ್ನೆ.

ಮುಂದಿನ ವಾರಗಳಲ್ಲಿ ಹೌದು ಅಲ್ಲ ಎಂಬ ಗುಂಡಿಗಳಲ್ಲೇ ಉಳಿದದ್ದು ತಿಳಿಯಿತು. ಅವಳನ್ನು ಕೂಡಿಹಾಕಿದ ಮನೆಗೆ ಫೋನ್ ಬಂದದ್ದೇ ನವೆಂಬರಿನಲ್ಲಿ. ಇಲ್ಲಿ ಐದು ಗಂಟೆಯಾದಾಗ ಅಲ್ಲಿ ಹೊತ್ತೇರಿರುತ್ತದೆ. ಗಂಡಸರು ಹೊರಗೆ ಹೋಗಿ, ಕಾವಲಿಗಿದ್ದ ಮುದುಕಿ ಸ್ನಾನಕ್ಕೆ ಇಳಿದಾಗ ಮಾತ್ರ ಅದು ಎಲ್.ಳ ಕೈಗೆ ಸಿಗುತ್ತದೆ. ಗೋಡೆ ತೆಳು, ಮಾತು ಆಚೆ ಕೇಳುತ್ತದೆ. ನೀರು ಬೀಳುವಷ್ಟು ಹೊತ್ತು ಅವಳದು.

ಶುಕ್ರವಾರ ಪಿ.ಯ ಬಗ್ಗೆ ಹೋದ ಪತ್ರದಲ್ಲಿ ನಿಜವೇ ಇತ್ತು: ಸಂಪರ್ಕವಿಲ್ಲ. ಮೇ ತಿಂಗಳಲ್ಲಿ ಅವನ ಅರ್ಜಿ ಪಟ್ಟಿಯಿಂದ ಹೊರಬಿತ್ತು. ಅವನೇನಾದನೆಂದು ಇಂದಿಗೂ ಯಾರಿಗೂ ತಿಳಿದಿಲ್ಲ. ಎಲ್.ಳ ಕಡತ ಮತ್ತೆ ತೆರೆಯುವಂತೆ ಕೋರಿ ಅರವತ್ಮೂರು ಹಾಳೆಗಳ ಮನವಿ ಹೋಯಿತು, ಜೊತೆಗೆ ರಿಜಿಸ್ಟರಿನ ನಕಲು. ‘ಗಂಡಸಿನ ಉಸಿರು’ ಎಂದಿದ್ದ ಸಾಲುಗಳನ್ನು ತಿದ್ದಲು ರಾಜಲಕ್ಷ್ಮಿ ಒಪ್ಪಲಿಲ್ಲ. ನನ್ನ ತಪ್ಪು ನನ್ನ ಕೈಬರಹದಲ್ಲೇ ಹೋಗಲಿ ಎಂದರು. ಇಂಥ ಬೇಡಿಕೆಗಳಿಗೆ ಒಪ್ಪಿಗೆ ಸಿಗುವುದು ಅಪರೂಪ. ಸೆಪ್ಟೆಂಬರಿನಲ್ಲಿ, ಪೀಠದ ಅಧ್ಯಕ್ಷರ ಸಹಿಯಿದ್ದ ಎರಡು ಪುಟದ ನಿರ್ಧಾರ ಬಂತು. ಅರ್ಜಿಯನ್ನು ಪಟ್ಟಿಗೆ ಮರಳಿ ಸೇರಿಸಲಾಗಿದೆ.

ಆ ಸಂಜೆ ಸ್ವಾಗತದಲ್ಲಿ ಒಂದೇ ವಾಕ್ಯ ತುಂಬಿದರು: ನಿಮ್ಮ ಕಡತ ಮತ್ತೆ ತೆರೆದಿದೆ. ಎರಡು ದಿನ ಬಿಟ್ಟು ಬಂದ ಕರೆಯಲ್ಲಿ ನೀರಿನ ಸದ್ದು ಜೋರಾಗಿತ್ತು. ಬಹಳ ಹೊತ್ತು ಬರೀ ಉಸಿರು. ಆಮೇಲೆ ಪಿಸುಮಾತಿನಲ್ಲಿ ಒಂದು ಹೆಸರು, ಪೂರ್ತಿ ಹೆಸರು, ತಂದೆಯದ್ದೂ ಸೇರಿ. ಬೇರೆ ಮಾತಿಲ್ಲ. ರಾಜಲಕ್ಷ್ಮಿ ಅವತ್ತು ರಿಜಿಸ್ಟರಿನಲ್ಲಿ ಹೊತ್ತು ಬರೆದರು, ಸೆಕೆಂಡು ಬರೆದರು, ಹೆಸರು ಬರೆಯಲಿಲ್ಲ.

ಎಲ್. ಇನ್ನೂ ಆ ಮನೆಯಲ್ಲೇ ಇದ್ದಾಳೆ. ಸ್ಟ್ರಾಸ್‌ಬರ್ಗ್‌ನ ಯಾವ ಸಹಿಯೂ ಆ ಬಾಗಿಲಿನ ಚಿಲಕ ತೆಗೆಯಲಾರದು; ನ್ಯಾಯಾಲಯ ಕೇಳಿದ ಪ್ರಶ್ನೆಗಳಿಗೆ ಉತ್ತರ ಬರೆಯಲು ಇಲ್ಲಿನ ಸರ್ಕಾರಕ್ಕೆ ವಸಂತದವರೆಗೆ ಸಮಯವಿದೆ. ವಾರಕ್ಕೆ ಮೂರು ನಾಲ್ಕು ಬೆಳಗು ಚುಕ್ಕಿ ಮಿನುಗುತ್ತದೆ. ಸಂಪರ್ಕವಿದೆಯೆಂಬುದಕ್ಕೆ ಪ್ರತಿಯೊಂದೂ ಸಾಕ್ಷಿ.

ಎಂಟೂವರೆಯಾದರೂ ಕಿಟಕಿಯಾಚೆ ಬೂದು ಬಣ್ಣವಷ್ಟೇ. ಪತ್ರಿಕೆಯಲ್ಲಿ ತಮ್ಮ ಚಿತ್ರ ಬೇಡವೆನ್ನುವ ರಾಜಲಕ್ಷ್ಮಿಗೆ ಒಂದು ಆಸೆಯಿದೆ. ಹಳೆಯ ತಂತಿಯ ಫೋನುಗಳನ್ನು ಇಲ್ಲಿ ತೆಗೆಯುತ್ತಿದ್ದಾರೆ. ಈ ಕಟ್ಟಡದ ಸರದಿ ಏಪ್ರಿಲ್ಲಿಗೆ. ಅದಕ್ಕಾಗಿ ಅವರು ಫೋನ್ ಕಂಪನಿಗೆ ಈಗಾಗಲೇ ನಾಲ್ಕು ಸಲ ಹೋಗಿ ಬಂದಿದ್ದಾರೆ.

“ಹೊಸ ಫೋನ್ ಕೊಡ್ಲಿ, ಬೇಕಾದ್ದು ಕೊಡ್ಲಿ. ನಂಬರ್ ಮಾತ್ರ ಇದೇ ಇರಲಿ ಅಂತ ಬರ್ಕೊಟ್ಟು ಬಂದೀನಿ. ಇನ್ನೂರ ಹನ್ನೆರಡು ಜನ ಅದನ್ನ ಬಾಯಿಪಾಠ ಮಾಡ್ಕೊಂಡು ಹೋಗ್ಯಾರ್ರೀ. ಎಲ್ಲೆಲ್ಲಿ ಇದ್ದಾರೋ.”