ಕಟಕಟೆಯಲ್ಲಿ ನಾನು ಹೇಳದೆ ಉಳಿದದ್ದು

ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಸಾಗರದ ಆ ಮುನ್ಸೀಫ್ ಕೋರ್ಟಿನ ಗೋಡೆ ಹಳದಿಯೋ ಬಿಳಿಯೋ, ಅಂದು ನಾನು ಕೋಟು ಹಾಕಿದ್ದೆನೋ ಬರೀ ಅಂಗಿಯಲ್ಲಿದ್ದೆನೋ, ಹೇಳಲಾರೆ. ಅರವತ್ತರ ದಶಕ ಎನ್ನುವುದು ಮಾತ್ರ ಖಂಡಿತ. ಅಣೆಕಟ್ಟಿನಿಂದ ಶರಾವತಿಯ ನೀರು ಏರಿ ಊರುಗಳು ಮುಳುಗಿದ ಮೇಲಿನ ಕಾಲ.

ಮದರಾಸಿನಲ್ಲಿ ಸಮಾಜಕಾರ್ಯ ಓದಿ ಬಂದ ನನ್ನನ್ನು ಮುಳುಗಡೆಯ ಜನರ ಪುನರ್ವಸತಿಗೆಂದು ತಾತ್ಕಾಲಿಕವಾಗಿ ನೇಮಿಸಿದ್ದರು. ಸಾಗರದಿಂದ ಹೊಸನಗರದ ಕಡೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಹೊಸ ಕೇರಿಗಳಿಗೆ ನಡೆದು, ಯಾರಿಗೆ ಏನು ತೊಂದರೆ ಎಂದು ಕೇಳುವುದು ನನ್ನ ಕೆಲಸ. ಅದೊಂದು ಉದ್ಯೋಗವೆಂದು ಯಾರೂ ಒಪ್ಪುತ್ತಿರಲಿಲ್ಲ. ತೀರ್ಥಹಳ್ಳಿಯಲ್ಲಿದ್ದ ನನ್ನ ಅಪ್ಪಯ್ಯ, "ಊರವರ ಕಷ್ಟ ಕೇಳೋಕೆ ಡಿಗ್ರಿ ಎಂತಕ್ಕೋ? ನಿನ್ನಜ್ಜಿ ಬಾವಿಕಟ್ಟೆ ಮೇಲೆ ಕೂತು ಪುಕ್ಕಟೆ ಕೇಳ್ತಿದ್ರು" ಎನ್ನುತ್ತಿದ್ದರು.

"ಕೇಳಿದ್ದನ್ನ ಸಂಜೆಯೊಳಗೆ ಊರಿಗೆಲ್ಲ ಹೇಳ್ತಿದ್ರಲ್ಲ ಅಪ್ಪಯ್ಯ?"

ಅಪ್ಪಯ್ಯ ನಕ್ಕರು. ನಕ್ಕರೆಂದೇ ನನ್ನ ನೆನಪು.

ಅಜ್ಜಿಗೂ ನನಗೂ ಇದ್ದ ವ್ಯತ್ಯಾಸ ಅಷ್ಟೇ. ಕೇಳಿದ್ದನ್ನು ನಾನು ಹೊರಗೆ ಆಡುವಂತಿರಲಿಲ್ಲ. ವಕೀಲರಿಗೆ ಕಾಯಿದೆ ಇತ್ತು, ವೈದ್ಯರಿಗೆ ನೋಂದಣಿ ಇತ್ತು, ತಪ್ಪಿ ನಡೆದರೆ ಕರೆದು ವಿಚಾರಿಸುವವರಿದ್ದರು. ನಮಗೆ ಯಾವುದೂ ಇರಲಿಲ್ಲ. ಖಾದಿ ಜುಬ್ಬಾ ತೊಟ್ಟವರೆಲ್ಲ ಸಮಾಜ ಸೇವಕರೇ.

ಒಂದು ಹೊಸ ಕೇರಿಯಲ್ಲಿ ಚಿಕ್ಕ ವಯಸ್ಸಿನ ವಿಧವೆಯೊಬ್ಬಳಿದ್ದಳು. ಮುಳುಗಡೆಗೆ ಬದಲಾಗಿ ಅವರ ಮನೆತನಕ್ಕೆ ಸಿಕ್ಕ ಜಮೀನಿನಲ್ಲಿ ತೀರಿಹೋದ ಗಂಡನ ಪಾಲು ತನಗೆ ಬರಬೇಕೆಂದು ದಾವೆ ಹೂಡಿದ್ದಳು. ಗಂಡನ ಅಣ್ಣ, ಅಂದರೆ ಅವಳ ಭಾವ, ಕೊಡಲು ಸಿದ್ಧನಿರಲಿಲ್ಲ. ಬೇರೆ ಮದುವೆಯಾಗಿ ಹೋಗುವವಳಿಗೆ ಪಾಲೇಕೆ ಎಂಬುದು ಅವನ ವಾದ. ಪಾಲು ತಪ್ಪಿದರೆ ಅವಳು ಬದುಕಿಡೀ ಭಾವನ ಮನೆಯ ಚಾಕರಿ ಮಾಡಿಕೊಂಡಿರಬೇಕಿತ್ತು. ಇಬ್ಬರೂ ಬೇರೆ ಬೇರೆಯಾಗಿ ನನ್ನ ಬಳಿ ಮನಸ್ಸು ಬಿಚ್ಚಿದ್ದರು: ಅವಳು ಜಗಲಿಯಲ್ಲಿ, ಅವನು ನನ್ನನ್ನು ಬಸ್ಸಿಗೆ ಕಳಿಸಲು ಬಂದಾಗ ದಾರಿಯಲ್ಲಿ.

ಭಾವನ ಕಡೆಯ ವಕೀಲರು ನನ್ನನ್ನು ಸಾಕ್ಷಿಗೆ ಕರೆಸಿದರು.

"ಈಕೆ ಮತ್ತೊಂದು ಮದುವೆಯ ವಿಚಾರ ನಿಮ್ಮ ಹತ್ತಿರ ಆಡಿದ್ದು ಹೌದೋ ಅಲ್ಲವೋ?"

"ಅದನ್ನು ಹೇಳಲಾರೆ."

"ಮರೆತುಹೋಯಿತೋ?"

"ಇಲ್ಲ. ಕೆಲಸದಲ್ಲಿ ಕೇಳಿದ್ದನ್ನು ನಾನು ಹೊರಗೆ ಹೇಳುವುದಿಲ್ಲ."

"ಯಾವ ಕಾಯಿದೆ ಪ್ರಕಾರ ಸ್ವಾಮಿ?" ವಕೀಲರು ಗೌನು ಸರಿಮಾಡಿಕೊಂಡು ಹಿಂದಿನ ಬೆಂಚುಗಳತ್ತ ತಿರುಗಿದರು. "ಕಕ್ಷಿದಾರ ನನಗೆ ಹೇಳಿದ್ದಕ್ಕೆ ಕಾನೂನಿನ ರಕ್ಷಣೆ ಇದೆ. ನಿಮಗೆ ಎಂತ ಇದೆ? ನೀವೇನು ಮಠದ ಗುರುಗಳೋ?"

ಕೋರ್ಟು ನಕ್ಕಿತು. ಮುನ್ಸೀಫರು ನಗಲಿಲ್ಲ. "ನಿಮ್ಮವರಿಗೆ ಅಂಥ ಕಾಯಿದೆ ಇದೆಯೇನ್ರಿ?"

"ಇನ್ನೂ ಇಲ್ಲ ಸ್ವಾಮಿ."

"ಹಾಗಾದರೆ ಉತ್ತರ ಕೊಡಬೇಕಾಗುತ್ತೆ. ಕೊಡದಿದ್ದರೆ ಶಿಕ್ಷೆಯೂ ಆಗಬಹುದು."

ವಿಧವೆ ಬಾಗಿಲ ಬಳಿ ನಿಂತಿದ್ದಳು. ನಾನು ಸುಮ್ಮನಿದ್ದರೆ ಹೌದೆಂದೇ ಎಲ್ಲರೂ ತಿಳಿಯುತ್ತಾರೆ ಎಂದು ಆಗ ಹೊಳೆಯಿತು. ಇಲ್ಲ ಎಂದುಬಿಡಬಹುದಿತ್ತು. ಆದರೆ ಒಬ್ಬರ ವಿಷಯಕ್ಕೆ ಇಲ್ಲ ಎಂದವನು ನಾಳೆ ಇನ್ನೊಬ್ಬರ ವಿಷಯಕ್ಕೆ ಬಾಯಿ ಮುಚ್ಚಿದರೆ, ಆ ಮೌನವೇ ಹೌದು ಎಂದಾಗುತ್ತದೆ.

"ಈಕೆಯದ್ದು ಮಾತ್ರ ಅಲ್ಲ ಸ್ವಾಮಿ. ಈಕೆಯ ಭಾವ ನನ್ನ ಹತ್ತಿರ ಹೇಳಿಕೊಂಡದ್ದನ್ನೂ ಹೇಳುವುದಿಲ್ಲ. ಯಾರು ಕೇಳಿದರೂ ಇಲ್ಲ."

ಭಾವ ಬೆಂಚಿನಿಂದ ಎದ್ದೇಬಿಟ್ಟ. ವಕೀಲರ ಗೌನಿನ ತುದಿ ಹಿಡಿದು, ಪಿಸುಮಾತೆಂದು ತಾನು ತಿಳಿದ ದನಿಯಲ್ಲಿ, "ಸಾಕು ಬಿಡಿ, ಅವ್ರನ್ನ ಇನ್ನೆಂತದೂ ಕೇಳ್ಬೇಡಿ" ಎಂದ. ವಕೀಲರು ಪ್ರಶ್ನೆಯನ್ನು ಹಿಂತೆಗೆದುಕೊಂಡರು. ಕೆಲವು ತಿಂಗಳ ಮೇಲೆ ತೀರ್ಪು ಬಂತು. ಗಂಡನ ಪಾಲು ಅವಳದೇ, ಮುಂದೆ ಅವಳು ಏನು ಮಾಡುತ್ತಾಳೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದರು ಮುನ್ಸೀಫರು.

ಸಾಕ್ಷಿಯ ದಿನ ಕೋರ್ಟಿನ ಹೊರಗೆ ಅವಳು ನನ್ನನ್ನು ನಿಲ್ಲಿಸಿದಳು. "ನೀವು ಹೇಳೇ ಬಿಡ್ತೀರಿ ಅಂದ್ಕೊಂಡಿದ್ದೆ ಸ್ವಾಮಿ." ಆಮೇಲೆ ದನಿ ತಗ್ಗಿಸಿ, "ಅಲ್ಲಾ, ಭಾವ ಎಂತ ಹೇಳಿದ್ರು? ನಂಗೊಬ್ಳಿಗೇ ಹೇಳಿ."

"ಹೇಳೋದಿಲ್ಲಮ್ಮ."

"ಥೋ, ನಿಮ್ದೊಂದು!" ಎಂದು ನಗುತ್ತಾ ಹೋದಳು.

ಭಾವನ ಹೆಸರೆತ್ತಿದ್ದು ವೃತ್ತಿಯ ನಿಯಮದಿಂದಲೋ, ಅವನನ್ನು ಹೆದರಿಸುವುದಕ್ಕೋ? ನನ್ನ ದನಿ ಒಂದು ನೆನಪಿನಲ್ಲಿ ಶಾಂತವಾಗಿದೆ, ಇನ್ನೊಂದರಲ್ಲಿ ಗಡುಸಾಗಿದೆ. ನಮಗೂ ಒಂದು ಕಾಯಿದೆ, ಒಂದು ಮಂಡಳಿ ಇದ್ದಿದ್ದರೆ ಯಾರಾದರೂ ನನ್ನನ್ನು ಕೂರಿಸಿ ಈ ಪ್ರಶ್ನೆ ಕೇಳುತ್ತಿದ್ದರು. ಕಾಯಿದೆ ಬೇಕೆಂದು ಆಮೇಲೆ ನಾನು ಸಭೆಗಳಲ್ಲಿ ವಾದಿಸಿದ್ದು ನಮ್ಮ ಅಂತಸ್ತಿಗಾಗಿ ಅಲ್ಲ, ಹೀಗೆ ನಮ್ಮನ್ನೂ ಪ್ರಶ್ನಿಸುವವರು ಇರಲಿ ಎಂದು. ಆದರೂ ಕಾಯಿದೆ ಇಲ್ಲದ ಆ ದಿನ, ಅದು ಇದ್ದವನ ಹಾಗೆ ನಿಂತಿದ್ದೆ. ಆ ಹೆಮ್ಮೆಯನ್ನು ನನ್ನ ಅನುಮಾನ ಇದುವರೆಗೆ ಅಲುಗಿಸಿಲ್ಲ.

ಮುಂದಿನ ಸಲ ಆ ಕೇರಿಗೆ ಹೋದಾಗ ಭಾವ ಮುಖ ತಿರುಗಿಸಿಕೊಂಡು ಗದ್ದೆಗೆ ಹೋದ. ಸ್ವಲ್ಪ ಹೊತ್ತಿಗೆ ಅವನ ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದು ನನ್ನೆದುರು ಕೂತಳು.

"ನಮ್ಮನೆಯವ್ರೇ ಕಳ್ಸಿದ್ರು. ನಿಮ್ಮತ್ರ ಹೇಳಿದ್ರೆ ಹೊರಗೆ ಹೋಗಲ್ವಂತೆ, ಹೌದಾ?"

ಹೌದು ಎಂದೆ. ಅವಳು ಹೇಳತೊಡಗಿದಳು.